ಹುಳು ಕಲಿಯಲ್ಲ, ಪೀಳಿಗೆ ಬದಲಾಗುತ್ತೆ: ದಾವಣಗೆರೆ ಹೊಲದ ಕೀಟಗಳು ಮತ್ತು ಜೀನ್‌ಗಳ ಲೆಕ್ಕ

2018ರ ಮೇ ತಿಂಗಳಲ್ಲಿ ಶಿವಮೊಗ್ಗ ಸುತ್ತಲಿನ ಮೆಕ್ಕೆಜೋಳದ ಹೊಲಗಳಲ್ಲಿ ಒಂದು ಹೊಸ ಹುಳು ಕಾಣಿಸಿಕೊಂಡಿತು. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗುರುತು, ಹಿಂಭಾಗದಲ್ಲಿ ಚೌಕಾಕಾರದಲ್ಲಿ ಕೂತ ನಾಲ್ಕು ಕಪ್ಪು ಚುಕ್ಕಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಇದನ್ನು ಗುರುತಿಸಿ ಪ್ರಕಟಿಸಿದರು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಸಲ ದಾಖಲಾದದ್ದು ಹೀಗೆ, ನಮ್ಮ ದಾವಣಗೆರೆಯಿಂದ ಎರಡು ಗಂಟೆ ಬಸ್ ಪ್ರಯಾಣದ ದೂರದಲ್ಲಿ. ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿಂದು, ಅಲ್ಲೇ ಲದ್ದಿ ರಾಶಿ ಹಾಕುತ್ತೆ. ಅದಕ್ಕೇ ರೈತರ ಬಾಯಲ್ಲಿ ಇದು 'ಲದ್ದಿ ಹುಳು'.

ಆಮೇಲೆ ಆದದ್ದು ಗೊತ್ತೇ ಇದೆ. ಒಂದೆರಡು ವರ್ಷದೊಳಗೆ ದೇಶದ ಬಹುತೇಕ ಮೆಕ್ಕೆಜೋಳದ ಪ್ರದೇಶ, 2019ರ ಆರಂಭಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ. ಪ್ರತಿ ಮುಂಗಾರಿನಲ್ಲೂ ಕೇಳಿಬರುವ ಮಾತು ಒಂದೇ: 'ಹೋದ ವರ್ಷದ ಔಷಧಿ ಈ ವರ್ಷ ನಾಟ್ತಿಲ್ಲ. ಹುಳ ಬುದ್ಧಿ ಕಲಿತುಬಿಟ್ಟಿದೆ.'

ಹುಳು ಬುದ್ಧಿ ಕಲಿಯಲ್ಲ. ಆದರೆ ಹುಳುಗಳ ಪೀಳಿಗೆ ಬದಲಾಗುತ್ತೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ಬರೀ ಜೀವಶಾಸ್ತ್ರದ ಪರೀಕ್ಷೆಗೆ ಸೀಮಿತ ಅಲ್ಲ. ಯಾವ ಬೀಜ ಮಾರಾಟವಾಗಬೇಕು, ನಷ್ಟ ಯಾರ ತಲೆಗೆ ಬರಬೇಕು, ಸರ್ಕಾರ ಯಾವ ಮಾಹಿತಿ ಬಿಡುಗಡೆ ಮಾಡಬೇಕು ಅನ್ನೋ ಪ್ರಶ್ನೆಗಳೆಲ್ಲ ಅದರ ಮೇಲೆ ನಿಂತಿವೆ. ಗಿಡ ತಿನ್ನುವ ಕೀಟ ಬೇರೆ ಬೇರೆ ಗಿಡಕ್ಕೆ ಜೀನ್ ಮಟ್ಟದಲ್ಲಿ ಹೊಂದಿಕೊಳ್ಳೋದು ಹೇಗೆ ಅನ್ನೋದನ್ನ ನಮ್ಮ ಜಿಲ್ಲೆಯ ಬೆಳೆಗಳನ್ನೇ ಇಟ್ಟುಕೊಂಡು ನೋಡೋಣ. ಅದಕ್ಕೆ ದಾವಣಗೆರೆಗಿಂತ ಒಳ್ಳೆಯ ಜಾಗ ಕಡಿಮೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡ ಊರು. ಈಗ ಮಳೆಯಾಶ್ರಿತ ಹೊಲದ ತುಂಬ ಮೆಕ್ಕೆಜೋಳ. ಹರಿಹರದ ಕಡೆ ಹೋದರೆ ಭದ್ರಾ ನಾಲೆ ನೀರಿನ ಭತ್ತ. ಮೂರು ಬೆಳೆ, ಮೂರು ಕೀಟ, ಮೂರು ಪಾಠ.

ಗಿಡ ಸುಮ್ಮನೆ ನಿಂತಿಲ್ಲ

ಗಿಡಕ್ಕೆ ಓಡೋಕೆ ಆಗಲ್ಲ. ಹಾಗಾಗಿ ಅದು ವಿಷ ತಯಾರಿಸುತ್ತೆ. ತಂಬಾಕಿನ ನಿಕೋಟಿನ್, ಬೇವಿನ ಅಜಾಡಿರಾಕ್ಟಿನ್, ಹತ್ತಿಯ ಗಾಸಿಪಾಲ್, ಸಾಸಿವೆಯ ಘಾಟು, ಎಕ್ಕದ ಹಾಲಿನಲ್ಲಿರುವ ಹೃದಯ ನಿಲ್ಲಿಸುವ ರಾಸಾಯನಿಕ: ಇವೆಲ್ಲ ಗಿಡದ ಆಯುಧಗಳು. ನಾವು ಮಸಾಲೆ, ಔಷಧಿ, ಚಟ ಅಂತ ಬಳಸೋ ಎಷ್ಟೋ ಪದಾರ್ಥಗಳು ಮೂಲತಃ ಕೀಟದ ವಿರುದ್ಧ ಗಿಡ ಮಾಡಿಕೊಂಡ ಏರ್ಪಾಡು.

1964ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಎಂಬ ಇಬ್ಬರು ವಿಜ್ಞಾನಿಗಳು ಚಿಟ್ಟೆಗಳ ಆಹಾರ ಗಿಡಗಳನ್ನೆಲ್ಲ ಪಟ್ಟಿ ಮಾಡಿ ಒಂದು ಪ್ರಸಿದ್ಧ ವಾದ ಮಂಡಿಸಿದರು. ಗಿಡ ಹೊಸ ವಿಷ ಕಂಡುಕೊಳ್ಳುತ್ತೆ, ಕೆಲವು ಕಾಲ ಕೀಟಗಳಿಂದ ಬಚಾವಾಗುತ್ತೆ. ಯಾವುದೋ ಒಂದು ಕೀಟದ ಸಂತತಿಗೆ ಆ ವಿಷ ಜೀರ್ಣಿಸುವ ಶಕ್ತಿ ಬರುತ್ತೆ, ಎದುರಾಳಿ ಇಲ್ಲದ ಊಟದ ಎಲೆ ಅದಕ್ಕೆ ಸಿಗುತ್ತೆ. ಮತ್ತೆ ಗಿಡದ ಸರದಿ. ಇದೇ ಸಹವಿಕಾಸದ ಮೂಲ ವಿಚಾರ.

ಇದರ ಒಂದು ಪರಿಣಾಮ ಗಮನಿಸಿ. ಗಿಡ ತಿನ್ನುವ ಕೀಟಗಳಲ್ಲಿ ಹೆಚ್ಚಿನವು ಎಲ್ಲವನ್ನೂ ತಿನ್ನಲ್ಲ. ಒಂದು ಗಿಡ, ಇಲ್ಲವೇ ಒಂದೇ ಕುಟುಂಬದ ಕೆಲವು ಗಿಡ, ಅಷ್ಟೇ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಇದ್ದ ಹಾಗೆ. ಒಂದು ಬೀಗಕ್ಕೆ ಮಾಡಿದ ಕೀಲಿ ಇನ್ನೊಂದಕ್ಕೆ ಹೊಂದಲ್ಲ.

ಜೀನ್‌ನಲ್ಲಿ ಬದಲಾಗೋದು ಏನು?

ಇಂಜಿನಿಯರಿಂಗ್ ಓದಿದ ಅಭ್ಯಾಸಬಲದಿಂದ ನಾನು ಇದನ್ನ ನಾಲ್ಕು ಮಾಡ್ಯೂಲ್ ಅಂತ ವಿಂಗಡಿಸ್ತೀನಿ.

ಮೊದಲನೆಯದು ರುಚಿ ಮತ್ತು ವಾಸನೆ. ಗಿಡ ಸಿಕ್ಕ ಮೇಲೆ ಅದು 'ಊಟ' ಅಂತ ಅನ್ನಿಸಬೇಕಲ್ಲ? ಅದಕ್ಕೆ ಗ್ರಾಹಕ ಪ್ರೋಟೀನ್‌ಗಳಿವೆ, ಅವುಗಳಿಗೆ ಜೀನ್‌ಗಳಿವೆ. 2017ರಲ್ಲಿ ಪ್ರಕಟವಾದ ಸೈನಿಕ ಹುಳುವಿನ ಜೀನೋಮ್‌ನಲ್ಲಿ ರುಚಿ ಗ್ರಾಹಕದ ಜೀನ್‌ಗಳೇ 230 ಸಿಕ್ಕವು. ಒಂದೆರಡು ಗಿಡಕ್ಕೆ ಅಂಟಿಕೊಂಡ ಪತಂಗಗಳಲ್ಲಿ ಈ ಸಂಖ್ಯೆ ಕೆಲವು ಡಜನ್‌ಗಳಲ್ಲಿ ಇರುತ್ತೆ. ಒಂದೇ ಜೀನ್ ಮತ್ತೆ ಮತ್ತೆ ನಕಲಾಗಿ, ನಕಲುಗಳು ಸ್ವಲ್ಪ ಸ್ವಲ್ಪ ಬದಲಾಗಿ ಬೆಳೆದ ಪಟ್ಟಿ ಇದು. 76 ಕುಟುಂಬಗಳ 353 ಬಗೆಯ ಗಿಡಗಳ ಮೇಲೆ ಈ ಹುಳು ದಾಖಲಾಗಿರೋದು ಸುಮ್ಮನೆ ಅಲ್ಲ.

ಎರಡನೆಯದು ವಿಷ ಕಳೆಯುವ ಕಿಣ್ವಗಳು. ಮೆಕ್ಕೆಜೋಳದ ಎಳೆ ಎಲೆಯಲ್ಲಿ ಡಿಂಬೋವಾ ಎಂಬ ವಿಷ ಇದೆ. ಗಿಡ ಅದಕ್ಕೆ ಸಕ್ಕರೆಯ ಒಂದು ಅಣು ಅಂಟಿಸಿ ನಿರುಪದ್ರವಿಯಾಗಿ ಇಟ್ಟುಕೊಂಡಿರುತ್ತೆ. ಹುಳು ಅಗಿದ ಕೂಡಲೇ ಗಿಡದ್ದೇ ಕಿಣ್ವ ಬಂದು ಸಕ್ಕರೆಯನ್ನು ಕತ್ತರಿಸಿ ವಿಷ ಬಿಡುಗಡೆ ಮಾಡುತ್ತೆ. ಸೈನಿಕ ಹುಳು ಮಾಡೋ ಕೆಲಸ ನೋಡಿ: ಆ ವಿಷಕ್ಕೆ ಮತ್ತೆ ಸಕ್ಕರೆ ಅಂಟಿಸುತ್ತೆ, ಆದರೆ ತಿರುಗಾಮುರುಗಾ ದಿಕ್ಕಿನಲ್ಲಿ. ಗಿಡದ ಕತ್ತರಿ ಆ ದಿಕ್ಕಿನ ಜೋಡಣೆಯನ್ನು ಕತ್ತರಿಸಲಾರದು. 2014ರಲ್ಲಿ ಪ್ರಕಟವಾದ ಈ ಸಂಶೋಧನೆ ಓದಿದಾಗ ಹುಳುವಿನ ಮೇಲೆ ಸಿಟ್ಟಿಗಿಂತ ಗೌರವ ಜಾಸ್ತಿ ಬರುತ್ತೆ.

ಮೂರನೆಯದು ಗುರಿಯನ್ನೇ ಬದಲಿಸೋದು. ಎಕ್ಕದ ವಿಷ ಜೀವಕೋಶದ ಸೋಡಿಯಂ ಪಂಪ್‌ಗೆ ಅಂಟಿಕೊಂಡು ಕೊಲ್ಲುತ್ತೆ. ರಸ್ತೆ ಬದಿಯ ಎಕ್ಕದ ಎಲೆ ಮೇಲೆ ಹಳದಿ, ಕಪ್ಪು, ಬಿಳಿ ಪಟ್ಟಿಯ ಹುಳು ನೋಡಿರ್ತೀರಿ. ಅದರ ಹತ್ತಿರದ ಸಂಬಂಧಿ, ಅಮೆರಿಕದ ಮೊನಾರ್ಕ್ ಚಿಟ್ಟೆಯಲ್ಲಿ ಆ ಪಂಪ್‌ನ ಕೆಲವೇ ಅಮೈನೋ ಆಮ್ಲಗಳು ಬದಲಾಗಿವೆ. ವಿಷಕ್ಕೆ ಅಂಟಿಕೊಳ್ಳಲು ಜಾಗ ಇಲ್ಲ. 2019ರಲ್ಲಿ ವಿಜ್ಞಾನಿಗಳು ಕ್ರಿಸ್ಪರ್ ತಂತ್ರದಿಂದ ಅಂಥ ಮೂರು ಬದಲಾವಣೆಗಳನ್ನು ಹಣ್ಣಿನ ನೊಣಕ್ಕೆ ಹಾಕಿದರು. ನೊಣಕ್ಕೂ ಆ ವಿಷ ತಡೆಯುವ ಶಕ್ತಿ ಬಂತು.

ನಾಲ್ಕನೆಯದು ಕದ್ದ ಜೀನ್. ಬಿಳಿ ನೊಣದ ಹೊಸ ಆಕ್ರಮಣಕಾರಿ ಬಗೆಯೊಂದು 1999ರಲ್ಲಿ ಕೋಲಾರದ ಟೊಮೇಟೊ ಬೆಳೆಯಲ್ಲಿ ಪತ್ತೆಯಾದದ್ದು ಕೃಷಿ ವಲಯದವರಿಗೆ ನೆನಪಿರಬಹುದು. ಈ ಬಿಳಿ ನೊಣಗಳ ಜೀನೋಮ್‌ನಲ್ಲಿ ಗಿಡದ್ದೇ ಒಂದು ಜೀನ್ ಇದೆ ಅಂತ 2021ರಲ್ಲಿ ಚೀನಾದ ಸಂಶೋಧಕರು ತೋರಿಸಿದರು. ಗಿಡ ತನ್ನ ವಿಷದಿಂದ ತಾನೇ ಸಾಯದಿರಲು ಇಟ್ಟುಕೊಂಡ ಜೀನ್ ಅದು. ಬಹು ಹಿಂದೆ ಯಾವಾಗಲೋ ಕೀಟಕ್ಕೆ ದಾಟಿದೆ. ಆ ಜೀನನ್ನು ಸುಮ್ಮನಾಗಿಸಿದರೆ ಟೊಮೇಟೊ ತಿಂದ ಬಿಳಿ ನೊಣ ಸಾಯುತ್ತೆ.

ಸ್ಪ್ರೇ ಸೋಲೋದು ಯಾಕೆ ಇಷ್ಟು ಬೇಗ?

ಗಿಡದ ವಿಷ ಕಳೆಯೋಕೆ ಬೆಳೆಸಿಕೊಂಡ ಯಂತ್ರವೇ ಕಂಪನಿಯ ವಿಷ ಕಳೆಯೋಕೂ ಕೆಲಸಕ್ಕೆ ಬರುತ್ತೆ.

ಇದಕ್ಕೆ ಒಳ್ಳೆಯ ಸಾಕ್ಷಿ ಹಸಿರು ಹೇನು. ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರಿಗೆ ತಂಬಾಕಿನ ಹೇನಿನ ಕಾಟ ಗೊತ್ತು. ತಂಬಾಕಿಗೆ ಹೊಂದಿಕೊಂಡ ಹೇನಿನ ಬಣದಲ್ಲಿ ನಿಕೋಟಿನ್ ಕಳೆಯುವ ಒಂದು ಕಿಣ್ವದ ಜೀನ್ ಹತ್ತಾರು ಸಲ ನಕಲಾಗಿದೆ, ಪ್ರತಿ ನಕಲೂ ಜೋರಾಗಿ ಕೆಲಸ ಮಾಡುತ್ತೆ. ಇಮಿಡಾಕ್ಲೋಪ್ರಿಡ್ ಥರದ ನಿಯೋನಿಕೋಟಿನಾಯ್ಡ್ ಕೀಟನಾಶಕಗಳು ಕೀಟದ ನರಗಳಲ್ಲಿ ನಿಕೋಟಿನ್ ಕೂರುವ ಜಾಗದಲ್ಲೇ ಕೂರುತ್ತವೆ. ಪರಿಣಾಮ? ಆ ಕೀಟನಾಶಕ ಮಾರುಕಟ್ಟೆಗೆ ಬರುವ ಮೊದಲೇ ಈ ಹೇನು ಅರ್ಧ ತಯಾರಾಗಿತ್ತು.

ಇನ್ನು ಆಯ್ಕೆಯ ಲೆಕ್ಕ. ಸಾವಿರ ಜೀನ್ ಪ್ರತಿಗಳಲ್ಲಿ ಒಂದು ಪ್ರತಿ ನಿರೋಧಕ ಅಂತ ಇಟ್ಟುಕೊಳ್ಳಿ. ಎರಡೂ ಪ್ರತಿ ನಿರೋಧಕ ಆಗಿದ್ದರೆ ಮಾತ್ರ ಹುಳು ಬದುಕುತ್ತೆ ಅನ್ನಿ. ಆಗ ಹತ್ತು ಲಕ್ಷ ಹುಳುಗಳಲ್ಲಿ ಒಂದು ಮಾತ್ರ ಉಳಿಯುತ್ತೆ. 'ಏನು ಮಹಾ' ಅನ್ನಿಸುತ್ತೆ. ಆದರೆ ಸೈನಿಕ ಹುಳುವಿನ ಒಂದು ಹೆಣ್ಣು ಪತಂಗ ತನ್ನ ಜೀವಮಾನದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ. ಗಾಳಿ ಸಿಕ್ಕರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು, ಅಂದರೆ ಶಿವಮೊಗ್ಗದಲ್ಲಿ ಹುಟ್ಟಿದ್ದು ಬೆಳಗಾಗುವಷ್ಟರಲ್ಲಿ ಹರಿಹರ ದಾಟಿರಬಹುದು. ಎಲ್ಲ ಹೊಲದಲ್ಲೂ ಒಂದೇ ಔಷಧಿ ಹೊಡೆದರೆ ಉಳಿದ ಬೆರಳೆಣಿಕೆಯ ಹುಳುಗಳು ತಮ್ಮ ತಮ್ಮಲ್ಲೇ ಕೂಡುತ್ತವೆ, ಮುಂದಿನ ಪೀಳಿಗೆ ಪೂರ್ತಿ ಅವುಗಳದ್ದೇ. ಕೋಡಿಂಗ್ ಮಾಡೋರು ಇದನ್ನ ಬ್ರೂಟ್ ಫೋರ್ಸ್ ಅಂತಾರೆ. ಬುದ್ಧಿ ಬೇಕಿಲ್ಲ, ಸಂಖ್ಯೆ ಮತ್ತು ಸಮಯ ಇದ್ದರೆ ಸಾಕು. ಔಷಧಿ ಹೊಸ ಜೀನನ್ನು ಸೃಷ್ಟಿ ಮಾಡಲಿಲ್ಲ. ಮೊದಲೇ ಇದ್ದ ಅಪರೂಪದ ಜೀನಿಗೆ ಹೊಲವನ್ನು ಖಾಲಿ ಮಾಡಿ ಕೊಟ್ಟಿತು.

ಮೆಕ್ಕೆಜೋಳ: ಒಂದೇ ಹುಳು, ಎರಡು ಬಣ

ಅಮೆರಿಕದಲ್ಲಿ ಈ ಸೈನಿಕ ಹುಳು ನೋಡೋಕೆ ಒಂದೇ ಥರ ಇದ್ದರೂ ಎರಡು ಬಣ ಅಂತ 1980ರ ದಶಕದಲ್ಲಿ ಡೊರೊತಿ ಪ್ಯಾಶ್ಲಿ ಗುರುತಿಸಿದರು. ಒಂದು 'ಮೆಕ್ಕೆಜೋಳದ ಬಣ': ಮೆಕ್ಕೆಜೋಳ, ಜೋಳ, ಹತ್ತಿ ಮೇಲೆ ಹೆಚ್ಚು. ಇನ್ನೊಂದು 'ಭತ್ತದ ಬಣ': ಭತ್ತ ಮತ್ತು ಹುಲ್ಲುಗಾವಲಿನ ಹುಲ್ಲುಗಳ ಮೇಲೆ ಹೆಚ್ಚು. ಭತ್ತದಲ್ಲಿ ಡಿಂಬೋವಾ ಇಲ್ಲ, ಮೆಕ್ಕೆಜೋಳದಲ್ಲಿ ಇದೆ. ಹಾಗಾಗಿ ಎರಡು ಗಿಡಗಳ ಊಟದ ರಸಾಯನ ಬೇರೆ, ಎರಡು ಬಣಗಳ ವಿಷ ಕಳೆಯುವ ಜೀನ್‌ಗಳಲ್ಲೂ ವ್ಯತ್ಯಾಸ.

ಇನ್ನೂ ಕುತೂಹಲದ ವಿಷಯ ಕೂಡುವ ಸಮಯ. ಮೆಕ್ಕೆಜೋಳದ ಬಣ ರಾತ್ರಿಯ ಮೊದಲ ಭಾಗದಲ್ಲಿ ಕೂಡಿದರೆ, ಭತ್ತದ ಬಣ ಬೆಳಗಿನ ಜಾವದ ಕಡೆಗೆ. ಹೆಣ್ಣು ಬಿಡುವ ವಾಸನೆಯ ಮಿಶ್ರಣದಲ್ಲೂ ವ್ಯತ್ಯಾಸ. ಒಂದೇ ಊರಿನಲ್ಲಿ ಹಗಲು ಪಾಳಿ, ರಾತ್ರಿ ಪಾಳಿಯ ಕಾರ್ಮಿಕರು ಮುಖಾಮುಖಿ ಆಗದ ಹಾಗೆ ಈ ಎರಡು ಬಣಗಳ ಜೀನ್‌ಗಳು ಪೂರ್ತಿ ಬೆರೆಯಲ್ಲ.

ಗಿಡ ಬದಲಾಯಿಸಿದ್ದರಿಂದಲೇ ಒಂದು ಜಾತಿ ಎರಡಾಗೋದು ಸಾಧ್ಯ ಅನ್ನುವ ವಾದ ಹಳೆಯದು. ಡಾರ್ವಿನ್ ಕಾಲದ ಬೆಂಜಮಿನ್ ವಾಲ್ಷ್ 1860ರ ದಶಕದಲ್ಲೇ ಇದನ್ನ ಹೇಳಿದ್ದರು. ಅಮೆರಿಕದ ಹಾಥಾರ್ನ್ ಎಂಬ ಕಾಡು ಗಿಡದ ಹಣ್ಣು ತಿನ್ನುತ್ತಿದ್ದ ನೊಣವೊಂದು, ಯುರೋಪಿನವರು ತಂದು ನೆಟ್ಟ ಸೇಬಿಗೆ 19ನೇ ಶತಮಾನದ ನಡುವೆ ಜಿಗಿಯಿತು. ಸೇಬು ಕೆಲವು ವಾರ ಮೊದಲೇ ಹಣ್ಣಾಗುತ್ತೆ. ಹಾಗಾಗಿ ಸೇಬಿನ ನೊಣಗಳು ಮೊದಲೇ ಹೊರಬರುತ್ತವೆ, ತಮ್ಮ ಹಣ್ಣಿನ ಮೇಲೇ ಕೂಡುತ್ತವೆ, ಜೀನ್‌ಗಳು ನಿಧಾನಕ್ಕೆ ಬೇರೆಯಾಗುತ್ತಿವೆ. ಇನ್ನೂರು ವರ್ಷಕ್ಕೂ ಕಡಿಮೆ ಅವಧಿಯಲ್ಲಿ.

ಈಗ ನಮ್ಮ ಹೊಲಕ್ಕೆ ಬರೋಣ. ಆಫ್ರಿಕಾ ಮತ್ತು ಭಾರತದಲ್ಲಿ ಸಿಕ್ಕ ಹುಳುಗಳ ಡಿಎನ್‌ಎ ಪರೀಕ್ಷೆಯಲ್ಲಿ ಒಂದು ಗೊಂದಲ ಕಾಣಿಸಿತು. ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯಾ ಗುರುತು ನೋಡಿದರೆ ಬಹುಪಾಲು 'ಭತ್ತದ ಬಣ'. ಲಿಂಗ ವರ್ಣತಂತುವಿನ ಮೇಲಿನ ಗುರುತು ನೋಡಿದರೆ 'ಮೆಕ್ಕೆಜೋಳದ ಬಣ'. ಅಂದರೆ ಇವು ಹಿಂದೆ ಯಾವಾಗಲೋ ಬೆರೆತವರ ಸಂತತಿ. ಮೈಟೋಕಾಂಡ್ರಿಯಾ ಗುರುತನ್ನಷ್ಟೇ ನೋಡಿ 'ಭತ್ತದ ಬಣ ಬಂದಿದೆ, ಗದ್ದೆ ಕಥೆ ಮುಗೀತು' ಅನ್ನೋದು ತಪ್ಪು. ನಡವಳಿಕೆಯಲ್ಲಿ ಇವು ಮೆಕ್ಕೆಜೋಳವನ್ನೇ ಹುಡುಕುತ್ತವೆ; ಜೊತೆಗೆ ಜೋಳ, ಕಬ್ಬಿನ ಮೇಲೂ ಸಿಕ್ಕಿವೆ. ಆದರೆ ಮಿಶ್ರ ಸಂತತಿಯ ಕೈಯಲ್ಲಿ ಜೀನ್‌ಗಳ ಎರಡು ಪೆಟ್ಟಿಗೆ ಇದೆ ಅನ್ನೋದು ನೆನಪಿರಲಿ. ಮೆಕ್ಕೆಜೋಳದ ಹೊಲದ ಪಕ್ಕದಲ್ಲೇ ಸಾವಿರಾರು ಎಕರೆ ಭತ್ತ ಇರುವ ನಮ್ಮಂಥ ಜಿಲ್ಲೆಯಲ್ಲಿ ಈ ಹುಳುವಿನ ಜೀನ್‌ಗಳ ಮೇಲೆ ಕಣ್ಣಿಡೋದು ಶೋಕಿಯಲ್ಲ, ಅಗತ್ಯ.

'ಬಿಟಿ ಮೆಕ್ಕೆಜೋಳ ತಂದುಬಿಟ್ರೆ ಎಲ್ಲ ಸರಿಹೋಗುತ್ತೆ' ಅನ್ನೋ ಮಾತೂ ಕೇಳಿಬರುತ್ತೆ. ಭಾರತದಲ್ಲಿ ಅದಕ್ಕೆ ಅನುಮತಿ ಇಲ್ಲ. ಅನುಮತಿ ಕೇಳುವವರು ಪೋರ್ಟೊರಿಕೊ ದ್ವೀಪದ ಕಥೆ ಓದಬೇಕು. ಅಲ್ಲಿ 2003ರಲ್ಲಿ ಇದೇ ಹುಳುವಿನ ವಿರುದ್ಧ ಒಂದು ಬಿಟಿ ಪ್ರೋಟೀನ್ ಇರುವ ಮೆಕ್ಕೆಜೋಳ ಬಂತು. 2006ಕ್ಕೆ ಹುಳು ಅದನ್ನ ಆರಾಮಾಗಿ ತಿನ್ನುತ್ತಿತ್ತು, ಮಾರಾಟ ನಿಲ್ಲಿಸಬೇಕಾಯಿತು. ಹುಳುವಿನ ಕರುಳಿನಲ್ಲಿ ಆ ಪ್ರೋಟೀನ್ ಅಂಟಿಕೊಳ್ಳುವ ಒಂದು ಗ್ರಾಹಕದ ಜೀನ್‌ನಲ್ಲಿ ಎರಡೇ ಎರಡು ಡಿಎನ್‌ಎ ಅಕ್ಷರ ಹೆಚ್ಚುವರಿಯಾಗಿ ಸೇರಿಕೊಂಡಿದ್ದವು. ಓದುವ ಕ್ರಮವೇ ತಪ್ಪಿ ಗ್ರಾಹಕ ಕೆಟ್ಟಿತು, ವಿಷಕ್ಕೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಭತ್ತ: ಒಂದು ಜೀನ್, ಮೂರು ವರ್ಷ

ಭದ್ರಾ ನಾಲೆಯ ಕೊನೆಯವರೆಗೂ ರೈತರಿಗೆ ಗೊತ್ತಿರುವ ಹೆಸರು ಕಂದು ಜಿಗಿಹುಳು. ಬುಡದಲ್ಲಿ ಕೂತು ರಸ ಹೀರುತ್ತೆ. ಗದ್ದೆಯ ನಡುವೆ ಬೆಂಕಿ ಬಿದ್ದ ಹಾಗೆ ದುಂಡಗೆ ಒಣಗುತ್ತೆ. ಇದು ಭತ್ತ ಬಿಟ್ಟು ಬೇರೆ ಬೆಳೆಗೆ ಹೋಗಲ್ಲ. ಹಾಗಾಗಿ ಇದರ ಹೊಂದಾಣಿಕೆ ನಡೆಯೋದು ಭತ್ತದ ತಳಿಯಿಂದ ತಳಿಗೆ.

ಹಸಿರು ಕ್ರಾಂತಿಯ ಐಆರ್8 ತಳಿ 1966ರಲ್ಲಿ ಬಂತು. ಇಳುವರಿ ಏರಿತು. ವರ್ಷಕ್ಕೆ ಎರಡು ಬೆಳೆ, ಹೆಚ್ಚು ಯೂರಿಯಾ, ಹೆಚ್ಚು ಕೀಟನಾಶಕ ಸೇರಿ 1970ರ ದಶಕದಲ್ಲಿ ಏಷ್ಯಾದುದ್ದಕ್ಕೂ ಜಿಗಿಹುಳು ಎದ್ದಿತು. ಫಿಲಿಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಒಂದು ನಿರೋಧಕ ಜೀನ್ ಇರುವ ಐಆರ್26 ತಳಿಯನ್ನು 1973ರಲ್ಲಿ ಕೊಟ್ಟಿತು. ಎರಡು ಮೂರು ವರ್ಷದಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾದ ಜಿಗಿಹುಳು ಅದನ್ನ ದಾಟಿತು. 1976ರಲ್ಲಿ ಬೇರೆ ಜೀನ್ ಇರುವ ಐಆರ್36 ಬಂತು. 1980ರ ದಶಕದ ಆರಂಭಕ್ಕೆ ಅದಕ್ಕೂ ಅದೇ ಗತಿ. ದಕ್ಷಿಣ ಏಷ್ಯಾದ ಜಿಗಿಹುಳುವಂತೂ ಬೇರೆಯೇ ಜೈವಿಕ ಬಗೆ; ಆಗ್ನೇಯ ಏಷ್ಯಾದಲ್ಲಿ ಗೆದ್ದ ಹಲವು ತಳಿ ನಮ್ಮಲ್ಲಿ ಮೊದಲ ದಿನದಿಂದಲೇ ಸೋತವು.

ಯಾಕೆ ಹೀಗೆ? ಜಿಗಿಹುಳು ಚುಚ್ಚುವಾಗ ಜೊಲ್ಲಿನ ಪ್ರೋಟೀನ್‌ಗಳನ್ನು ಗಿಡದೊಳಗೆ ಬಿಡುತ್ತೆ. ನಿರೋಧಕ ಜೀನ್ ಅಂದರೆ ಆ ಜೊಲ್ಲನ್ನು ಗುರುತು ಹಿಡಿಯುವ ಕಾವಲುಗಾರ. ಬಿಪಿಎಚ್14 ಎಂಬ ಜೀನ್ ಹುಳುವಿನ ಜೊಲ್ಲಿನ ನಿರ್ದಿಷ್ಟ ಪ್ರೋಟೀನೊಂದನ್ನು ಹಿಡಿಯುತ್ತೆ ಅಂತ 2023ರಲ್ಲಿ ಸಾಬೀತಾಯಿತು. ಕಾವಲುಗಾರ ಒಬ್ಬನೇ, ಅವನಿಗೆ ಗೊತ್ತಿರೋ ಮುಖ ಒಂದೇ ಆದರೆ, ಮುಖ ಸ್ವಲ್ಪ ಬದಲಾದ ಹುಳು ಒಳಗೆ ಬಂದುಬಿಡುತ್ತೆ. ಹಲವು ಕಾವಲುಗಾರರು ಒಟ್ಟಿಗೆ ಇದ್ದರೆ ಕಷ್ಟ. ಕೇರಳದ ಪಟ್ಟಾಂಬಿಯಿಂದ ಬಂದ ಪಿಟಿಬಿ33 ಎಂಬ ಹಳೆಯ ತಳಿ ಇಂದಿಗೂ ಬಹುತೇಕ ಎಲ್ಲ ಬಗೆಯ ಜಿಗಿಹುಳುಗಳ ಎದುರು ನಿಲ್ಲುತ್ತೆ. ಅದರಲ್ಲಿ ಒಂದಕ್ಕಿಂತ ಹೆಚ್ಚು ನಿರೋಧಕ ಜೀನ್‌ಗಳಿವೆ. ಪ್ರಪಂಚದ ಎಲ್ಲೆಡೆ ತಳಿ ಅಭಿವೃದ್ಧಿ ಮಾಡುವವರು ಅದನ್ನೇ ಅಳತೆಗೋಲಾಗಿ ಬಳಸ್ತಾರೆ. ನಾಟಿ ತಳಿ ಉಳಿಸಿ ಅನ್ನುವವರನ್ನು ಭಾವುಕರು ಅಂತ ನಗುವವರು ಇದನ್ನ ಗಮನಿಸಬೇಕು.

ಒಂದು ರಾಜಕೀಯ ಪಾಠವೂ ಇಲ್ಲಿದೆ. ಕೀಟನಾಶಕ ಜಿಗಿಹುಳುವಿಗಿಂತ ಹೆಚ್ಚಾಗಿ ಅದನ್ನು ತಿನ್ನುವ ಜೇಡಗಳನ್ನು ಕೊಲ್ಲುತ್ತಿದೆ ಅಂತ ವಿಜ್ಞಾನಿಗಳು ತೋರಿಸಿದ ಮೇಲೆ, ಇಂಡೋನೇಷ್ಯಾದ ಸುಹಾರ್ತೊ ಸರ್ಕಾರ 1986ರ ನವೆಂಬರ್‌ನಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆ ನಿಷೇಧಿಸಿತು. ನಂತರ ಸಬ್ಸಿಡಿಯನ್ನೂ ತೆಗೆಯಿತು. ಭತ್ತದ ಉತ್ಪಾದನೆ ಕುಸಿಯಲಿಲ್ಲ. ಸುಹಾರ್ತೊ ಪ್ರಜಾಪ್ರಭುತ್ವದ ಭಕ್ತರೇನಲ್ಲ. ಸರ್ವಾಧಿಕಾರಿಗೆ ಕೇಳಿಸಿದ ವಿಜ್ಞಾನ ಚುನಾಯಿತ ಸರ್ಕಾರಗಳಿಗೆ ಯಾಕೆ ಕೇಳಿಸಲ್ಲ ಅನ್ನೋದು ನಾವು ಕೇಳಬೇಕಾದ ಪ್ರಶ್ನೆ.

ಹತ್ತಿ: ಕಾಗದದ ಮೇಲಿನ ಆಶ್ರಯ

ಗುಲಾಬಿ ಕಾಯಿಕೊರಕ ಹೆಚ್ಚುಕಮ್ಮಿ ಹತ್ತಿಯನ್ನೇ ನಂಬಿದ ಕೀಟ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ಆ ಗಿಡಕ್ಕೆ ಒಂದು ಬ್ಯಾಕ್ಟೀರಿಯಾದ ವಿಷದ ಜೀನ್ ಸೇರಿತ್ತು. 2006ರ ಎರಡನೇ ಆವೃತ್ತಿಯಲ್ಲಿ ಎರಡು. ಕೀಟದ ದೃಷ್ಟಿಯಿಂದ ನೋಡಿ: ಅದರ ಏಕೈಕ ಊಟ ದೇಶದುದ್ದಕ್ಕೂ ಹೊಸ ವಿಷ ಹೊತ್ತು ನಿಂತಿತು. ಕೆಲವೇ ವರ್ಷಗಳಲ್ಲಿ ಹತ್ತಿ ಪ್ರದೇಶದ ಶೇ.90ಕ್ಕೂ ಹೆಚ್ಚು ಬಿಟಿ ಆಯಿತು.

2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಮೊದಲ ಆವೃತ್ತಿ ಸೋತಿದೆ ಅಂತ ಮಾನ್ಸಾಂಟೊ ಕಂಪನಿಯೇ ಒಪ್ಪಿಕೊಂಡಿತು. 2015ರ ಹೊತ್ತಿಗೆ ಎರಡನೆಯದೂ ಸೋಲುತ್ತಿತ್ತು. ಭಾರತದ ಹೊಲಗಳಿಂದ ಹಿಡಿದ ಹುಳುಗಳ ಕ್ಯಾಡ್‌ಹೆರಿನ್ ಎಂಬ ಕರುಳಿನ ಗ್ರಾಹಕದ ಜೀನ್‌ನಲ್ಲಿ ಒಂದಲ್ಲ, ಹಲವು ಬಗೆಯ ಕೆಡುಕು ಸಿಕ್ಕವು ಅಂತ 2014ರ ಅಧ್ಯಯನ ಹೇಳಿತು. ಬೀಗದ ತೂತನ್ನೇ ಹುಳು ಹತ್ತು ರೀತಿಯಲ್ಲಿ ಮುಚ್ಚಿಕೊಂಡಿತ್ತು.

ಇದನ್ನ ತಡೆಯುವ ಉಪಾಯ ಮೊದಲೇ ಗೊತ್ತಿತ್ತು. ಹೊಲದ ಶೇ.20ರಷ್ಟು ಜಾಗದಲ್ಲಿ, ಇಲ್ಲವೇ ಸುತ್ತಲೂ ಐದು ಸಾಲು ಬಿಟಿ ಅಲ್ಲದ ಹತ್ತಿ ಹಾಕಬೇಕು. ಇದಕ್ಕೆ 'ಆಶ್ರಯ ಬೆಳೆ' ಅಂತಾರೆ. ಅಲ್ಲಿ ಬೆಳೆದ ಸಾಮಾನ್ಯ ಹುಳುಗಳು, ಬಿಟಿ ಹೊಲದಲ್ಲಿ ಬದುಕುಳಿದ ಅಪರೂಪದ ನಿರೋಧಕ ಹುಳುಗಳ ಜೊತೆ ಕೂಡುತ್ತವೆ. ಮಕ್ಕಳಿಗೆ ನಿರೋಧಕ ಜೀನ್ ಒಂದೇ ಪ್ರತಿ ಸಿಗೋದರಿಂದ ಬಿಟಿ ಹತ್ತಿ ತಿಂದು ಸಾಯುತ್ತವೆ. 450 ಗ್ರಾಂ ಬಿಟಿ ಬೀಜದ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದದ್ದು ಇದಕ್ಕೇ. ಹೆಚ್ಚಿನ ರೈತರು ಅದನ್ನ ಬಿತ್ತಲಿಲ್ಲ.

'ರೈತರು ನಿಯಮ ಪಾಲಿಸಲಿಲ್ಲ, ಅನುಭವಿಸಲಿ' ಅನ್ನೋದು ಸುಲಭ. ಎರಡು ಎಕರೆ ಇರುವವನಿಗೆ 'ಊರಿನ ಒಳಿತಿಗಾಗಿ ನಿನ್ನ ಐದನೇ ಒಂದು ಭಾಗವನ್ನು ಹುಳುವಿಗೆ ಬಿಡು' ಅಂದಾಗ ಆ ನಷ್ಟ ತುಂಬಿಕೊಡುವವರು ಯಾರು? ಯಾರೂ ಇಲ್ಲ. ಲಾಭ ಎಲ್ಲರದು, ಖರ್ಚು ಒಬ್ಬನದು. ಜೊತೆಗೆ ನಮ್ಮಲ್ಲಿ ಹೆಚ್ಚು ದಿನ ಹೊಲದಲ್ಲಿ ನಿಲ್ಲುವ ಹೈಬ್ರಿಡ್‌ಗಳೇ ಮಾರಾಟವಾದವು. ಕೊರಕಕ್ಕೆ ಚಳಿಗಾಲದುದ್ದಕ್ಕೂ ಊಟ. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕಾದ ಹೈಬ್ರಿಡ್ ಮಾದರಿ ಯಾರ ಅನುಕೂಲಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬೇರೆ ದಾರಿ ಇತ್ತು. ಅಮೆರಿಕದ ಅರಿಜೋನಾದಲ್ಲಿ ಆಶ್ರಯ ಬೆಳೆಯನ್ನು ಕಟ್ಟುನಿಟ್ಟಾಗಿ ಪಾಲಿಸಿ, 2006ರಿಂದ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ವಿಮಾನದಿಂದ ಬಿಟ್ಟು, 2018ರಲ್ಲಿ ದೇಶದ ಹತ್ತಿ ಪ್ರದೇಶದಿಂದ ಗುಲಾಬಿ ಕಾಯಿಕೊರಕ ನಿರ್ಮೂಲನೆಯಾಗಿದೆ ಅಂತ ಘೋಷಿಸಿದರು. ಚೀನಾದ ಯಾಂಗ್‌ಟ್ಸೆ ಕಣಿವೆಯಲ್ಲಿ ಬಿಟಿ ಮತ್ತು ಸಾದಾ ಹತ್ತಿಯ ಹೈಬ್ರಿಡ್‌ಗಳ ಎರಡನೇ ಪೀಳಿಗೆಯ ಬೀಜ ಬಿತ್ತಿದ್ದರಿಂದ ಹೊಲದಲ್ಲಿ ಕಾಲುಭಾಗ ಸಾದಾ ಗಿಡ ತಾನಾಗೇ ಬೆರೆತು, ಕೀಟದ ನಿರೋಧಕ ಶಕ್ತಿ ಹಿಂದೆ ಸರಿಯಿತು. ಕೀಟ ಅದೇ, ಜೀನ್ ಅದೇ, ವಿಷ ಅದೇ. ಬದಲಾದದ್ದು ಬೀಜದ ವ್ಯವಸ್ಥೆ.

ಬೆಲೆ ತೆತ್ತವರು ಯಾರು? 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಾ ವಿಷಬಾಧೆಯಿಂದ ಸುಮಾರು 20 ರೈತರು, ಕೂಲಿಕಾರರು ಸತ್ತರು. ನಿರೋಧಕ ಜೀನ್ ಅಂದರೆ ಪ್ರಯೋಗಾಲಯದ ಮಾತು ಅನ್ನಿಸಿದರೆ ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ವಿಷ ನಾಟದಿದ್ದಾಗ ಡೋಸ್ ಏರುತ್ತೆ, ಡೋಸ್ ಏರಿದಾಗ ಬೆನ್ನಿಗೆ ಪಂಪ್ ಕಟ್ಟಿಕೊಂಡವನ ಮೈಗೆ ಬೀಳುತ್ತೆ.

ಹಾಗಾದ್ರೆ ಏನು ಕೇಳಬೇಕು?

ವಿಕಾಸವನ್ನು ನಿಲ್ಲಿಸೋಕೆ ಆಗಲ್ಲ. ಅದರ ವೇಗ ಮಾತ್ರ ನಮ್ಮ ಕೈಯಲ್ಲಿದೆ. ಒಂದೇ ಬೆಳೆ, ಒಂದೇ ತಳಿ, ಒಂದೇ ವಿಷ: ಈ ಮೂರು ಸೇರಿದಾಗ ವೇಗ ಗರಿಷ್ಠ. ದಾವಣಗೆರೆಯಂಥ ಜಿಲ್ಲೆ ಇವತ್ತು ನಿಂತಿರೋದು ಅಲ್ಲೇ. ಪೆಟ್ರೋಲಿಗೆ ಶೇ.20 ಎಥೆನಾಲ್ ಬೆರೆಸುವ ನೀತಿ ಮೆಕ್ಕೆಜೋಳವನ್ನು ಇನ್ನಷ್ಟು ಬಿತ್ತಿ ಅಂತಿದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಘೋಷಣೆಯೂ ಆಗಿದೆ. ಬಿತ್ತನೆ ಹೆಚ್ಚಿಸುವ ನೀತಿಯಲ್ಲಿ ಹುಳುವಿನ ಲೆಕ್ಕ ಎಲ್ಲೂ ಇಲ್ಲ.

ಮೊದಲ ಬೇಡಿಕೆ ಮಾಹಿತಿ. ಯಾವ ತಾಲೂಕಿನ ಹುಳು ಯಾವ ಔಷಧಿಗೆ ಎಷ್ಟು ನಿರೋಧಕ ಅನ್ನೋ ಪರೀಕ್ಷೆ ಪ್ರತಿ ಹಂಗಾಮಿನಲ್ಲೂ ಆಗಬೇಕು, ಫಲಿತಾಂಶ ಕನ್ನಡದಲ್ಲಿ, ಬಿತ್ತನೆಗೆ ಮೊದಲು ರೈತರ ಕೈಗೆ ಸಿಗಬೇಕು. ಶಿವಮೊಗ್ಗದಲ್ಲಿ ವಿಶ್ವವಿದ್ಯಾಲಯ ಇದೆ, ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರ ಇದೆ, ಬೆಂಗಳೂರಿನಲ್ಲಿ ಕೃಷಿ ಕೀಟಗಳಿಗೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇದೆ. ಹೊಸದಾಗಿ ಕಟ್ಟಡ ಕಟ್ಟಬೇಕಿಲ್ಲ. ಇಲ್ಲದಿದ್ದರೆ ರೈತನಿಗೆ ಸಲಹೆಗಾರ ಅಂತ ಉಳಿಯೋದು ಔಷಧಿ ಅಂಗಡಿಯವನು ಮಾತ್ರ. ಅವನ ಕಮಿಷನ್ ಯಾವ ಡಬ್ಬಕ್ಕೆ ಜಾಸ್ತಿಯೋ ಸಲಹೆಯೂ ಅದೇ.

ಎರಡನೆಯದು ಹೊಲದಲ್ಲಿ ವೈವಿಧ್ಯಕ್ಕೆ ದುಡ್ಡು. ನಮ್ಮ ಅಜ್ಜಂದಿರ ಅಕ್ಕಡಿ ಸಾಲು ನೆನಪು ಮಾಡಿಕೊಳ್ಳಿ: ಮುಖ್ಯ ಬೆಳೆಯ ನಡುವೆ ತೊಗರಿ, ಅವರೆ, ಹುಚ್ಚೆಳ್ಳು. ಹುಳು ತನ್ನ ಗಿಡ ಹುಡುಕೋದು ಕಷ್ಟವಾಗುತ್ತೆ, ಹುಳುವಿನ ಶತ್ರುಗಳಿಗೆ ಮನೆ ಸಿಗುತ್ತೆ. ಪೂರ್ವ ಆಫ್ರಿಕಾದಲ್ಲಿ ಮೆಕ್ಕೆಜೋಳದ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು, ಸುತ್ತ ಬ್ರಾಕಿಯೇರಿಯಾ ಹುಲ್ಲು ಹಾಕಿದ ಹೊಲಗಳಲ್ಲಿ ಗಿಡಕ್ಕೆ ಸೈನಿಕ ಹುಳುವಿನ ಸಂಖ್ಯೆ ಶೇ.80ಕ್ಕೂ ಹೆಚ್ಚು ಕಡಿಮೆ ಇತ್ತು ಅಂತ 2018ರ ಅಧ್ಯಯನ ಹೇಳುತ್ತೆ. ನಮ್ಮ ಹವೆಗೆ, ನಮ್ಮ ಅಕ್ಕಡಿಗೆ ಇಂಥ ಲೆಕ್ಕ ಹಾಕಿಸಬೇಕು. ಗೆದ್ದ ಜೋಡಿಗೆ ಸಬ್ಸಿಡಿ ಕೊಡಬೇಕು, ಬೆಳೆದ ತೊಗರಿಯನ್ನು ಕೊಳ್ಳುವ ಖಾತ್ರಿಯೂ ಬೇಕು. ಕೊಳ್ಳೋರಿಲ್ಲದ ವೈವಿಧ್ಯ ಯಾರೂ ಬಿತ್ತಲ್ಲ.

ಮೂರನೆಯದು ಹೊಣೆ. ಒಂದು ಬೀಜ ಅಥವಾ ಔಷಧಿ ನಿರೋಧಕ ಶಕ್ತಿಗೆ ಸೋತಾಗ ನಷ್ಟ ಪೂರ್ತಿ ರೈತನದು, ಮಾರಿದವರದು ಸೊನ್ನೆ. ಅನುಮತಿ ಕೊಡುವಾಗಲೇ ನಿರೋಧ ನಿರ್ವಹಣೆಯ ಯೋಜನೆ, ಅದರ ಖರ್ಚು, ಸೋತರೆ ಪರಿಹಾರ ಎಲ್ಲ ಬರೆದಿಡಿಸಿಕೊಳ್ಳಬೇಕು. ಆಶ್ರಯ ಬೆಳೆ ಹಾಕಿದವನಿಗೆ ಆ ಐದನೇ ಒಂದು ಭಾಗದ ದುಡ್ಡು ಅದೇ ನಿಧಿಯಿಂದ ಬರಬೇಕು. ಕೀಟನಾಶಕಕ್ಕೆ ಸೋಲುವ ಹುಳುಗಳು ಊರಿನ ಕೆರೆ ಇದ್ದ ಹಾಗೆ, ಎಲ್ಲರ ಆಸ್ತಿ. ಕೆಲವರು ಬಳಸಿ ಖಾಲಿ ಮಾಡಿದರೆ ಎಲ್ಲರಿಗೂ ಬರ.

ನಾವು ಕೆ.ಬಿ. ಬಡಾವಣೆಯಲ್ಲೋ ಬೆಂಗಳೂರಿನ ಪಿಜಿಯಲ್ಲೋ ಕೂತು ಇದನ್ನ ಓದುತ್ತಿದ್ದರೂ, ನಮ್ಮಲ್ಲಿ ಬಹಳ ಮಂದಿಯ ಫೀಸು ಕಟ್ಟಿದ್ದು ಒಂದು ಕಾಲಕ್ಕೆ ಹತ್ತಿ, ಭತ್ತ, ಇಲ್ಲವೇ ಮೆಕ್ಕೆಜೋಳ. ಮುಂದಿನ ಸಲ ನಿಮ್ಮ ಶಾಸಕರೋ ಸಂಸದರೋ ಹೊಲಕ್ಕೆ ಬಂದು ಸುಳಿ ಬಿಡಿಸಿ ಹುಳು ನೋಡಿ ಫೋಟೊ ತೆಗೆಸಿಕೊಂಡಾಗ ಒಂದೇ ಪ್ರಶ್ನೆ ಕೇಳಿ: ಈ ಹುಳು ಯಾವ ಔಷಧಿಗೆ ಸಾಯುತ್ತೆ ಅಂತ ಈ ತಾಲೂಕಿನಲ್ಲಿ ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ, ಅದರ ವರದಿ ಎಲ್ಲಿದೆ?